ನಾರಮ್ಮನ ಮೂವತ್ತೆಂಟು ಸೆಕೆಂಡು

ಹಿಂದೂಪುರದ ಆ ಟ್ರಸ್ಟ್ ಕಣ್ಣಾಸ್ಪತ್ರೆಯಲ್ಲಿ ಹೆಸರಿಲ್ಲದ ವಸ್ತು ಇರಲಿಲ್ಲ. ಬೆಂಚಿನ ಬೆನ್ನಿಗೆ, ನೀರಿನ ಡ್ರಮ್ಮಿಗೆ, ಡ್ರಮ್ಮಿನ ಮೇಲಿನ ಲೋಟಕ್ಕೆ, ಲೋಟವನ್ನು ಯಾರೂ ಒಯ್ಯದಂತೆ ಕಟ್ಟಿದ ಸರಪಳಿಗೆ ಕೂಡ ಒಬ್ಬ ದಾನಿ, ಒಬ್ಬ ಕೀರ್ತಿಶೇಷ ಇದ್ದರು. ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ ಹೆಸರುಗಳನ್ನು ಕರೆಂಟು ಹೋದಾಗ ಮಾತ್ರ ಓದಬಹುದಿತ್ತು. ಅದಕ್ಕೆ ಅವಕಾಶ ಸಾಕಷ್ಟು ಸಿಗುತ್ತಿತ್ತು. ಡಾಕ್ಟರ ಕೋಣೆಯ ಬಾಗಿಲ ಮೇಲೆ "ಎರಡೂ ಕಣ್ಣು ಕಾಣದವರಿಗೆ ಟೋಕನ್ ಬೇಕಿಲ್ಲ, ನೇರವಾಗಿ ಒಳಗೆ ಬರಬಹುದು" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬರೆದ ಬೋರ್ಡಿತ್ತು. ಅದನ್ನು ಯಾರು ಓದಲಿ ಎಂದು ಬರೆಸಿದ್ದರೋ ತಿಳಿಯದು. ಬರೆಸಿದವರ ಹೆಸರು ಮಾತ್ರ ಇನ್ನೂ ದೊಡ್ಡ ಅಕ್ಷರದಲ್ಲಿತ್ತು.

ಇಲ್ಲಿ ಟೋಕನ್ ಕೊಡುವವನು ಮರುಳಪ್ಪ, ವಯಸ್ಸು ಐವತ್ನಾಲ್ಕು. ಅವನ ತಂದೆ ಪಂಚಾಕ್ಷರಪ್ಪ ಇದೇ ಆಸ್ಪತ್ರೆಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ಕಾವಲಿದ್ದವರು. ಅವರ ಹೆಸರು ಯಾವ ಲೋಟದ ಮೇಲೂ ಇರಲಿಲ್ಲ. ಹೆಸರು ಬರೆಸಬೇಕಾದರೆ ಮೊದಲು ವಸ್ತು ಬೇಕು. ಒಮ್ಮೆ ಮರುಳಪ್ಪ ಮನೆಯ ಫ್ಯಾನನ್ನೇ ಕೊಟ್ಟುಬಿಡುವ ಮಾತೆತ್ತಿದಾಗ ಹೆಂಡತಿ ಮಂಗಳಗೌರಿ ಮೊರ ಎತ್ತಿ ತೋರಿಸಿದ್ದಳು. "ಇರೋದೊಂದು ಫ್ಯಾನು. ಅದ್ನೂ ಅಲ್ಲಿ ನೇತಾಕಿ ನಿಮ್ಮಪ್ಪನ ಹೆಸರು ಗಿರಗಿರ ತಿರುಗಿಸ್ರಿ. ನಾನಿಲ್ಲಿ ಇದ್ರಲ್ಲಿ ಬೀಸ್ಕಂತಾ ಕುಂತಿರ್ತೀನಿ."

ಮೊದಲೆಲ್ಲ ಮರುಳಪ್ಪನೇ ಬಾಯಲ್ಲಿ ಕೂಗಿ, ಬೇಕಾದರೆ ಕೈಹಿಡಿದು ಒಳಗೆ ಬಿಡುತ್ತಿದ್ದ. ಆ ವರ್ಷ ಟ್ರಸ್ಟಿನವರು ಕಂಪ್ಯೂಟರ್ ತಂದರು. ಸಾಫ್ಟ್‌ವೇರ್ ಪುಕ್ಕಟೆಯದು, ಯಾವುದೋ ದೇಶದಲ್ಲಿ ಯಾರೋ ಬರೆದದ್ದು. ಅದು ತೆಲುಗಿನಲ್ಲಿ ಟೋಕನ್ ಸಂಖ್ಯೆಯನ್ನೂ ಹೆಸರನ್ನೂ ಕೂಗುತ್ತಿತ್ತು. ಕೂಗಿ ಮುಗಿದ ಮೇಲೆ ಹತ್ತು ಸೆಕೆಂಡು ಕಾಯುತ್ತಿತ್ತು. ಅಷ್ಟರಲ್ಲಿ ರೋಗಿ ಬಾಗಿಲಿಗೆ ಬಂದು, ಒಳಗಿನ ಕಾಂಪೌಂಡರ್ ತಿರುಮಲೇಶ್ "ಬಂದರು" ಎಂಬ ಗುಂಡಿ ಒತ್ತದಿದ್ದರೆ ಆ ಟೋಕನ್ ಪಟ್ಟಿಯ ಕೊನೆಗೆ ಹೋಗುತ್ತಿತ್ತು. ಡಾಕ್ಟರು ವಾರಕ್ಕೆರಡು ದಿನ ಬಂದು ಒಂಬತ್ತರಿಂದ ಒಂದರವರೆಗೆ ನೋಡುತ್ತಿದ್ದರು. ದಿನಕ್ಕೆ ಎಂಬತ್ತು ಜನ. ಕೊನೆಗೆ ಹೋದವರು ಮತ್ತೆ ಮುಂದೆ ಬರುವ ಸಂಭವ ಇರಲಿಲ್ಲ.

ಲೇಪಾಕ್ಷಿ ಕಡೆಯ ನಾರಮ್ಮನಿಗೆ ಎಪ್ಪತ್ತೊಂದು ವರ್ಷ. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯಲ್ಲಿ ಬಲಗಣ್ಣು ಹೋಗಿ ಮೂರು ವರ್ಷವಾಗಿತ್ತು. ಉಳಿದಿದ್ದು ಎಡಗಣ್ಣು. ತಿಂಗಳಿಗೊಮ್ಮೆ ತೋರಿಸದಿದ್ದರೆ ಅದೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಕಂಪ್ಯೂಟರ್ ಬಂದ ಮೇಲೆ ಆಕೆ ಮೂರು ಸಲ ಬಂದಳು, ಮೂರು ಸಲವೂ ಬಾಗಿಲು ಮುಟ್ಟುವ ಮೊದಲೇ ಇನ್ನೊಬ್ಬರ ಹೆಸರು ಕೂಗಿಯಾಗಿತ್ತು. ಕಾರಣ ಮೊಣಕಾಲು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರೆ ಆಗುತ್ತಿತ್ತು. ಆದರೆ ಅದು ಬೆಲ್ಲದ ಮಂಡಿಯ ವೆಂಕಟರಾಯಪ್ಪ ಕೊಟ್ಟ ಬೆಂಚು. ಅದರ ಮೇಲೆ "ದಾನಿಗಳ ಕುಟುಂಬದವರಿಗೆ ಮಾತ್ರ" ಎಂದಿತ್ತು. ಆ ಕುಟುಂಬದಲ್ಲಿ ಯಾರಿಗೂ ಕಣ್ಣಿನ ತೊಂದರೆ ಇಲ್ಲದ್ದರಿಂದ ಬೆಂಚು ಸದಾ ಖಾಲಿ.

ಮೂರನೇ ಸಲ ನಾರಮ್ಮ ತಿರುಮಲೇಶನ ಮುಂದೆ ನಿಂತು ಕೇಳಿದಳು. "ಇಲ್ಲೇ ನಿಂತಿವ್ನಲ್ಲಪ್ಪ, ಕಾಣ್ತಾ ಇಲ್ವಾ?"

"ನಂಗೆ ಕಾಣ್ತದಮ್ಮ. ಸಿಸ್ಟಮ್‌ಗೆ ಕಾಣಲ್ಲ."

"ಹಂಗಾದ್ರೆ ಅದ್ಕೂ ಒಂದು ಚೀಟಿ ಬರೆಸಿ ಡಾಕ್ಟರಿಗೆ ತೋರ್ಸು."

ಮರುಳಪ್ಪ ಟ್ರಸ್ಟಿನ ಕಾರ್ಯದರ್ಶಿ ಸಿದ್ದಲಿಂಗೇಶರ ಬಟ್ಟೆ ಅಂಗಡಿಗೆ ಹೋಗಿ, ಹತ್ತು ಸೆಕೆಂಡನ್ನು ಅರವತ್ತು ಮಾಡಿಸಬೇಕೆಂದು ಕೇಳಿಕೊಂಡ. ಕಾರ್ಯದರ್ಶಿಗಳು ಸೀರೆ ಮಡಿಸುತ್ತಲೇ ಹೇಳಿದರು. "ಕಂಪನಿಯೋರ ವಸ್ತು ಮರುಳಪ್ಪ. ನಾವು ಕೈಯಾಡ್ಸಿ ಕೆಟ್ರೆ ಯಾರು ಜವಾಬ್ದಾರಿ? ಕಂಪನಿಯೋರು ಒಪ್ಪಿ ಬರಕೊಡ್ಲಿ. ಲಿಖಿತ ಬೇಕು."

ಆ ವಸ್ತುವಿಗೆ ಕಂಪನಿಯೇ ಇಲ್ಲ ಎಂಬುದು ಮರುಳಪ್ಪನಿಗೆ ತಿಳಿದದ್ದು ಮುಂದಿನ ಭಾನುವಾರ, ಕಲ್ಯಾಣದುರ್ಗದಲ್ಲಿ. ಅಲ್ಲಿ ಅವನ ಅಕ್ಕ ಶಿವಲಕ್ಷ್ಮಮ್ಮನ ಮನೆ. ಅಕ್ಕನ ಮಗಳು ಮೌನಿಕಾ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದಳು. ಎರಡು ಬಸ್ಸು ಬದಲಿಸಿ ಬಂದ ಮಾವನಿಗೆ ಮಂಡಕ್ಕಿ ಉಗ್ಗಾಣಿಯ ತಟ್ಟೆ ಕೊಟ್ಟು, ಅವಳು ಎದುರಿಗೆ ಲ್ಯಾಪ್‌ಟಾಪ್ ತೆರೆದಳು.

"ಇದು ಓಪನ್ ಸೋರ್ಸು ಮಾವ. ಅಂಗಡೀಲಿ ಸಾರಿನಪುಡಿ ತಂದ್ರೆ ಒಳಗೇನೈತೆ ಅಂತ ಹೇಳಲ್ಲ ಅಲ್ವಾ? ಇವ್ರು ಏನೇನು ಎಷ್ಟೆಷ್ಟು ಹಾಕವ್ರೆ ಅಂತ ಪೂರ್ತಿ ಬರ್ದು ಊರ ಮುಂದೆ ಇಟ್ಟವ್ರೆ. ಉಪ್ಪು ಜಾಸ್ತಿ ಅನ್ಸಿದ್ರೆ ನೀನೇ ತಿದ್ದಿ ಕಳಿಸ್ಬೋದು. ಒಪ್ಪಿದ್ರೆ ಎಲ್ರ ಮನೆ ಸಾರಲ್ಲೂ ನಿನ್ನ ಉಪ್ಪೇ."

"ಯಾರು ಒಪ್ಬೇಕು?"

"ಮಾರ್ಟಿನ್ ಅಂತ ಒಬ್ಬ. ಎಸ್ಟೋನಿಯಾದಲ್ಲವ್ನೆ."

"ಅವನ್ಗೆ ಸಂಬಳ ಯಾರು ಕೊಡ್ತಾರೆ?"

"ಯಾರೂ ಇಲ್ಲ."

ಶಿವಲಕ್ಷ್ಮಮ್ಮ ಅಡುಗೆಮನೆಯಿಂದಲೇ ಕೇಳಿದಳು. "ಸಂಬಳ ಇಲ್ದೆ ಊರೋರ ಕೆಲ್ಸ ಮಾಡೋನಿಗೆ ಹೆಣ್ಣು ಯಾರು ಕೊಟ್ರು?"

ಮೌನಿಕಾ ಅಲ್ಲಿಯ ನಿಯಮಗಳನ್ನು ಒಂದೊಂದಾಗಿ ಓದಿ ಹೇಳಿದಳು. ಮೊದಲು ತೊಂದರೆ ಏನೆಂದು ಬರೆಯಬೇಕು. ಅದನ್ನು ಬೇರೆ ಯಾರಾದರೂ ಬರೆದಿದ್ದಾರೆಯೇ ನೋಡಬೇಕು. ಸಾಫ್ಟ್‌ವೇರಿನ ಒಂದು ಪ್ರತಿ ತೆಗೆದುಕೊಂಡು ಅದರಲ್ಲಿ ತಿದ್ದಬೇಕು. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಯಾಕೆ ತಿದ್ದಿದೆ ಎಂದು ವಿವರಿಸಬೇಕು, ಮತ್ತೆ ಕಾಯಬೇಕು. ಕೊನೆಯ ನಿಯಮ ಮರುಳಪ್ಪನಿಗೆ ಪರಿಚಿತವಾಗಿತ್ತು.

ಬದಲಿಸಬೇಕಾದದ್ದು ಒಂದೇ ಸಾಲು. ಅಲ್ಲಿ ಹತ್ತು ಎಂದಿತ್ತು, ಮೌನಿಕಾ ತೋರಿಸಿದಂತೆ ಮರುಳಪ್ಪ ಒಂದೇ ಬೆರಳಲ್ಲಿ ಅರವತ್ತು ಮಾಡಿದ. ಅವಳು ಕಾಫಿಗೆಂದು ಎದ್ದುಹೋದಳು. ಆಗ ಅವನಿಗೆ ತೋಚಿದ್ದು ಇಷ್ಟು: ಇದು ಲೋಕಕ್ಕೆಲ್ಲ ಕೊಡುತ್ತಿರುವ ವಸ್ತು. ಲೋಟ ಕೊಟ್ಟವರು ಲೋಟದ ಮೇಲೆ ಬರೆಸಿದ್ದಾರೆ. ಸಾಲು ಕೊಟ್ಟವನು ಸಾಲಿನ ಕೆಳಗೆ ಬರೆಸದಿದ್ದರೆ ಅದು ಲೋಪ. ಅವನು ಅಕ್ಷರ ಹುಡುಕಿ ಹುಡುಕಿ, ಕೂಗುವ ಮಾತಿನ ಜಾಗದಲ್ಲಿ ಹೀಗೆ ಸೇರಿಸಿದ: "ಕೀರ್ತಿಶೇಷುಲು ಪಂಚಾಕ್ಷರಪ್ಪ ಗಾರಿ ಜ್ಞಾಪಕಾರ್ಥಂ, ಕುಮಾರುಡು ಮರುಳಪ್ಪ, ಹಿಂದೂಪುರಂ." ಕಾಫಿ ತಂದ ಮೌನಿಕಾ ಹತ್ತು ಅರವತ್ತಾಗಿರುವುದನ್ನು ಮಾತ್ರ ನೋಡಿ ಕಳಿಸಿಬಿಟ್ಟಳು.

ಎಸ್ಟೋನಿಯಾದಿಂದ ಒಂಬತ್ತು ದಿನಕ್ಕೆ ಉತ್ತರ ಬಂತು. ಮೌನಿಕಾ ಫೋನಿನಲ್ಲಿ ಓದಿ ಹೇಳಿದಳು. ಮರುಳಪ್ಪನವರ ಕೊಡುಗೆಗೆ ಧನ್ಯವಾದ. ಅರವತ್ತು ಸೆಕೆಂಡು ಬೇಕೆನ್ನಲು ಆಧಾರವೇನು? ಕನಿಷ್ಠ ಹತ್ತು ಜನರನ್ನು ಅಳತೆ ಮಾಡಿ ತಿಳಿಸಿ. ಜೊತೆಗಿರುವ ಮೃತ ವ್ಯಕ್ತಿಗೂ ಟೋಕನ್ನಿಗೂ ಏನು ಸಂಬಂಧ? ಇದು ಹಾಕಿದರೆ ಎಲ್ಲ ದೇಶಗಳಲ್ಲೂ ಅವರ ಹೆಸರು ಕೂಗುತ್ತದೆ. ನಿಮ್ಮಲ್ಲಿ ಮಾತ್ರ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಹೆಚ್ಚುವರಿ ಸಂದೇಶ' ಎಂಬ ಡಬ್ಬಿ ಇದೆ, ಅಲ್ಲಿ ಹಾಕಿಕೊಳ್ಳಬಹುದು.

"ಮಾವ, ತಾತನ್ನ ಒಳೀಕೆ ಸೇರ್ಸಿದ್ದು ಯಾವಾಗ?"

"ನೀನು ಕಾಫಿಗೆ ಹೋದಾಗ ಕಣಮ್ಮ."

ಮರುಳಪ್ಪ ಅಳತೆಗೆ ಇಳಿದ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮುದುಕರು ಬೆಂಚಿನಿಂದ ಬಾಗಿಲಿಗೆ ನಡೆಯುವುದನ್ನು ಎಣಿಸಿದ. ನಾರಮ್ಮನಿಗೆ ಮೂವತ್ತೆಂಟು ಸೆಕೆಂಡು. ಮುಂದಿನ ಇಬ್ಬರಿಗೆ ಮೂವತ್ತು, ಮೂವತ್ತೈದು. ಅಷ್ಟರಲ್ಲಿ, ನಡೆಯಲಾರದವರಿಗೆ ಸರ್ಟಿಫಿಕೇಟ್ ಕೊಡಲು ಸರ್ಕಾರದಿಂದ ಸರ್ವೆ ಬಂದಿದೆ ಎಂಬ ಸುದ್ದಿ ಹಬ್ಬಿತು. ನಾಲ್ಕನೆಯವನು ಗೋಡೆ ಹಿಡಿದು ಒಂದು ನಿಮಿಷ ತೆಗೆದುಕೊಂಡ. ಐದನೆಯವಳು ಮಧ್ಯದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡಳು. ಸೈಕಲ್ಲಿನಲ್ಲಿ ಬಂದಿದ್ದ ಒಬ್ಬನನ್ನು ಅವನ ಇಬ್ಬರು ಗಂಡುಮಕ್ಕಳು ಎತ್ತಿಕೊಂಡೇ ಬಂದರು. ಮರುಳಪ್ಪ ಈ ಅಂಕಿಗಳನ್ನು ತೆಗೆದುಹಾಕಿ, ಸುಳಿವು ಸಿಗದ ಹಾಗೆ ಬೇರೆ ದಿನ ಅಳೆದು, ಹತ್ತು ಜನರ ಪಟ್ಟಿಯನ್ನು ಮೌನಿಕಾಗೆ ಕಳಿಸಿದ. ಅವಳು ಅದನ್ನು ಎಸ್ಟೋನಿಯಾಕ್ಕೆ ಕಳಿಸಿದಳು. ಅಲ್ಲಿಂದ "ಪರಿಶೀಲನೆಯಲ್ಲಿದೆ" ಎಂದು ಬಂತು.

ಇತ್ತ ಸಂದೇಶದ ಡಬ್ಬಿಯ ವಿಷಯ ಲಿಖಿತವಾಗಿ ಬಂದಿತ್ತಲ್ಲ. ಮರುಳಪ್ಪ ಮಾರ್ಟಿನ್ನನ ಉತ್ತರವನ್ನು ಪ್ರಿಂಟ್ ತೆಗೆಸಿ ಸಿದ್ದಲಿಂಗೇಶರ ಮುಂದಿಟ್ಟ. ಇಂಗ್ಲಿಷಿನಲ್ಲಿತ್ತು, ವಿದೇಶದಿಂದ ಬಂದಿತ್ತು, ಒಪ್ಪಿಗೆಗೆ ಅಷ್ಟು ಸಾಕಾಯಿತು. "ಹಾಕ್ಕೋ ಹೋಗು, ವಾಚ್‌ಮನ್ ಹೆಸ್ರಿಂದ ಯಾರಿಗೇನು ನಷ್ಟ" ಎಂದರು ಕಾರ್ಯದರ್ಶಿಗಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಮೊದಲ ಟೋಕನ್ ಕೂಗಿ, ಅದರ ಬೆನ್ನಿಗೇ ಪಂಚಾಕ್ಷರಪ್ಪನವರನ್ನು ಸ್ಮರಿಸಿತು. ಮರುಳಪ್ಪ ಎದ್ದು ನಿಂತ. ಎಂಬತ್ತು ಟೋಕನ್ನಿಗೆ ಎಂಬತ್ತು ಸಲ ಎದ್ದು ನಿಂತ. ಹನ್ನೊಂದರ ಹೊತ್ತಿಗೆ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು. ಯಂತ್ರ ಹತ್ತು ಸೆಕೆಂಡು ಎಣಿಸಲು ಶುರುಮಾಡುವುದು ಮಾತು ಮುಗಿದ ಮೇಲೆ. ಅಪ್ಪನ ಹೆಸರಿಗೆ ಒಂಬತ್ತು ಸೆಕೆಂಡು. ಒಂಬತ್ತೂ ಹತ್ತೂ ಹತ್ತೊಂಬತ್ತು. ನಾರಮ್ಮನಿಗೆ ಬೇಕಾದದ್ದು ಮೂವತ್ತೆಂಟು. ಎಸ್ಟೋನಿಯಾದ ಒಪ್ಪಿಗೆಗೆ ಕಾಯಬೇಕಿಲ್ಲ. ಇನ್ನು ಹತ್ತೊಂಬತ್ತು ಸೆಕೆಂಡಿನಷ್ಟು ಸತ್ತವರು ಸಿಕ್ಕರೆ ಸಾಕು.

ಅವನು ಬೆಲ್ಲದ ಮಂಡಿಗೆ ಹೋದ. ವೆಂಕಟರಾಯಪ್ಪ ತಕ್ಕಡಿಯ ಪಕ್ಕ ಕೂತು ಕೇಳಿಸಿಕೊಂಡರು.

"ದಿನಕ್ಕೆ ಎಷ್ಟು ಸಲ ಕೂಗ್ತೈತೆ?"

"ಎಂಬತ್ತು ಸಲ, ಸಾಮಿ."

"ಬೆಂಚಿನ ಮೇಲೆ ಒಂದ್ಸಲ ಬರ್ಸಿದ್ದು. ಅದ್ನೂ ಜನ ಬೆನ್ನಲ್ಲಿ ಉಜ್ಜಿ ಅಳಿಸ್ತಾರೆ ಅಂತ ಯಾರ್ನೂ ಕೂರಿಸ್ತಿರಲಿಲ್ಲ." ಅವರು ತಕ್ಕಡಿಯಿಂದ ಬೆಲ್ಲದ ಅಚ್ಚು ಇಳಿಸಿದರು. "ನಮ್ಮಮ್ಮ ರಂಗಲಕ್ಷ್ಮಮ್ಮ, ನಮ್ಮಪ್ಪ, ಇಬ್ರದ್ದೂ ಹಾಕು. ಆದ್ರೆ ನಿಮ್ಮಪ್ಪ ಹಿಂದಕ್ಕೆ ಹೋಗ್ಬೇಕು. ಗೇಟ್ ಕಾಯೋನು ಮುಂದೆ, ನಮ್ಮೋರು ಹಿಂದೆ ಅಂದ್ರೆ ಚೆಂದಾಗಿರಲ್ಲ. ಏಮಂಟಾವು, ಏನಂತೀಯ?"

ಮರುಳಪ್ಪ ಒಪ್ಪಿದ. ಗೇಟಿನಲ್ಲೂ ಅಪ್ಪ ಎಲ್ಲರೂ ಒಳಗೆ ಹೋದ ಮೇಲೆಯೇ ಕೂರುತ್ತಿದ್ದುದು. ವೆಂಕಟರಾಯಪ್ಪನವರ ಅಮ್ಮನಿಗೆ ಒಂಬತ್ತು ಸೆಕೆಂಡು, ಅವರಪ್ಪನಿಗೆ ಹತ್ತು. ಮೊದಲಿನ ಹತ್ತೊಂಬತ್ತು ಸೇರಿ ಒಟ್ಟು ಸರಿಯಾಗಿ ಮೂವತ್ತೆಂಟು.

ಶುಕ್ರವಾರ ನಾರಮ್ಮನ ಹೆಸರು ಕೂಗಿತು. ಮರುಳಪ್ಪ ಕುರ್ಚಿ ಬಿಟ್ಟು ಅರ್ಧ ಎದ್ದಿದ್ದ. ರಂಗಲಕ್ಷ್ಮಮ್ಮನ ಹೆಸರಿಗೆ ಆಕೆ ಬೆಂಚು ಬಿಟ್ಟಳು, ಎರಡನೆಯ ಹೆಸರಿಗೆ ನೀರಿನ ಡ್ರಮ್ಮು ದಾಟಿದಳು, ಪಂಚಾಕ್ಷರಪ್ಪನವರು ಮುಗಿದಾಗ ಫ್ಯಾನಿನ ಕೆಳಗಿದ್ದಳು. ಹತ್ತು ಸೆಕೆಂಡಿನ ಕೊನೆಯ ಅಂಕಿಗೆ ಬಾಗಿಲ ಚೌಕಟ್ಟು ಹಿಡಿದಳು. ತಿರುಮಲೇಶ್ ಗುಂಡಿ ಒತ್ತಿದ.

ಡಾಕ್ಟರು ನೋಡಿ, ಒತ್ತಡ ಬಹಳ ಏರಿದೆ, ಹದಿನೈದು ದಿನಕ್ಕೆ ತಪ್ಪದೆ ಬರಬೇಕು, ಅಂದೇ ಆಪರೇಷನ್‌ಗೆ ಬರೆದುಕೊಡುತ್ತೇನೆ, ತಪ್ಪಿದರೆ ಕಣ್ಣು ಉಳಿಯುವುದಿಲ್ಲ ಎಂದರು. ಹೊರಗೆ ಬಂದ ನಾರಮ್ಮ, "ನಿಮ್ಮಪ್ಪ ಇದ್ದಾಗ್ಲೂ ಹಿಂಗೇ ಕಣಪ್ಪ, ನಾನು ಬರೋಗಂಟ ಗೇಟ್ ಹಾಕ್ತಿರ್ಲಿಲ್ಲ" ಎಂದಳು. ಆ ದಿನ ಮರುಳಪ್ಪ ಮನೆಗೆ ಮೈಸೂರುಪಾಕು ಒಯ್ದ.

ಆದರೆ ವೆಂಕಟರಾಯಪ್ಪನವರ ತಾಯಿಯ ಹೆಸರು ದಿನಕ್ಕೆ ಎಂಬತ್ತು ಸಲ ಮೈಕಿನಲ್ಲಿ ಬರುತ್ತದೆ ಎಂಬುದು ಪೇಟೆಯಲ್ಲಿ ನಿಲ್ಲುವ ಸುದ್ದಿಯಲ್ಲ. ಸೋಮವಾರದ ಹೊತ್ತಿಗೆ ಸಿದ್ದಲಿಂಗೇಶರ ಅಂಗಡಿಯ ಮುಂದೆ ಸೀರೆ ಬೇಡದ ಜನ ನಿಂತಿದ್ದರು. ಕಾರ್ಯದರ್ಶಿಗಳು ಹೊಸ ವಾರ್ಡಿಗೆ ಫ್ಯಾನು ಬೇಕೆಂದು ಎರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದವರು. ಒಂದು ಹೆಸರಿಗೆ ಒಂದು ಫ್ಯಾನು ಎಂದು ತೀರ್ಮಾನಿಸಿದರು. ಮೊದಲ ಹೆಸರು ಅವರ ತಾತನದೇ ಆಯಿತು, ಫ್ಯಾನು ಆಮೇಲೆ ಬರಲಿದೆ ಎಂದರು. ಬೆಳುಗುಪ್ಪದಿಂದ ಒಂದು ಕುಟುಂಬ ಬಂದು, ಸತ್ತ ಅಣ್ಣನ ಹೆಸರು ಹೇಳುವಾಗ ಬದುಕಿರುವ ತಮ್ಮನ ಹೆಸರು ಬಾರದಂತೆ ನೋಡಿಕೊಳ್ಳಬೇಕೆಂದು ಕೇಳಿತು. ಪರಿಗಿಯ ನಿವೃತ್ತ ಮೇಷ್ಟ್ರು ವೆಂಕಟೇಶಪ್ಪ ತಮ್ಮದೇ ಹೆಸರು ಕೊಟ್ಟರು.

"ಮೇಷ್ಟ್ರೇ, ಇದು ತೀರ್ಕೊಂಡೋರಿಗೆ."

"ನಾನು ತೀರ್ಕೊಂಡ ಮೇಲೆ ನನ್ ಮಕ್ಳು ಫ್ಯಾನ್ ಕೊಡ್ತಾರೆ ಅಂತ ನೀನು ಬರ್ಕೊಡ್ತೀಯಾ? ಹಾಕೋ, ಕೇಳ್ಕೊಂಡು ಹೋಯ್ತೀನಿ."

ಇನ್ನೊಂದು ವಾರದಲ್ಲಿ ಹನ್ನೊಂದು ಹೆಸರಾದವು. ಸಂದೇಶ ಒಂದು ನಿಮಿಷ ಐವತ್ತು ಸೆಕೆಂಡಿಗೆ ಬೆಳೆಯಿತು. ಅದು ಮುಗಿಯುವವರೆಗೆ ಗುಂಡಿ ಒತ್ತಿದರೂ ಯಂತ್ರ ಕೇಳುತ್ತಿರಲಿಲ್ಲ, ಗುಂಡಿ ಬೀಳದೆ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ರೋಗಿ ಬಾಗಿಲಲ್ಲಿ, ಡಾಕ್ಟರು ಕುರ್ಚಿಯಲ್ಲಿ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಹನ್ನೊಂದು ಆತ್ಮಗಳಿಗೆ ಶಾಂತಿ ಕೋರಬೇಕಾಗಿತ್ತು. ಮರುಳಪ್ಪ ಲೆಕ್ಕ ಹಾಕಿ ಕಾರ್ಯದರ್ಶಿಗಳಿಗೆ ತೋರಿಸಿದ. ಮೊದಲು ಒಬ್ಬರಿಗೆ ಮೂರು ನಿಮಿಷ, ಈಗ ಐದು. ಮೊದಲು ಎಂಬತ್ತು ಜನ, ಈಗ ನಲವತ್ತೆಂಟು. ಮೂವತ್ತೆರಡು ಜನ ಕಣ್ಣು ತೋರಿಸದೆ ವಾಪಸ್ಸು.

"ಫ್ಯಾನು ಬಂದಾಗವೆ ಮರುಳಪ್ಪ" ಎಂದರು ಸಿದ್ದಲಿಂಗೇಶ್. "ಈಗ ಯಾವ ಹೆಸ್ರು ತೆಗೀಲಿ? ಹೇಳು. ನೀನು ಹೇಳಿದ ಮನೆಗೆ ನೀನೇ ಹೋಗಿ ಹೇಳ್ಬೇಕು."

ಮರುಳಪ್ಪ ಅಪ್ಪನ ಹೆಸರು ತೆಗೆಯಿರಿ ಎಂದ. ಅದಕ್ಕೆ ಫ್ಯಾನೇನೂ ಬಂದಿರಲಿಲ್ಲವಾದ್ದರಿಂದ ಕೂಡಲೇ ಒಪ್ಪಿಗೆಯಾಯಿತು. ಹತ್ತು ಹೆಸರು ಉಳಿದವು. ಶುಕ್ರವಾರದೊಳಗೆ ಹನ್ನೊಂದನೆಯದು ಬೇರೆ ಕಡೆಯಿಂದ ಬಂತು.

ಆ ಶುಕ್ರವಾರವೇ ನಾರಮ್ಮನ ಹದಿನೈದನೇ ದಿನ. ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂರಿಸೋಣವೆಂದು ಮರುಳಪ್ಪ ನೋಡಿದರೆ, ಅಲ್ಲಿ ವೆಂಕಟರಾಯಪ್ಪನವರ ಬಳಗದವರೆಲ್ಲ ಅಜ್ಜಿಯ ಹೆಸರು ಕೇಳಲು ಬಂದು ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ನಾರಮ್ಮನ ಟೋಕನ್ ನಲವತ್ತೆಂಟು. ಕೂಗಿದ್ದು ಹನ್ನೆರಡು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ. ಆಕೆ ಎದ್ದಳು. ಅವಸರವಿಲ್ಲದೆ, ಮೂವತ್ತೆಂಟು ಸೆಕೆಂಡಿಗೆ ಸರಿಯಾಗಿ ಬಾಗಿಲಲ್ಲಿದ್ದಳು. ಯಂತ್ರ ಇನ್ನೂ ನಾಲ್ಕನೆಯ ಹೆಸರು ಹೇಳುತ್ತಿತ್ತು.

"ಒತ್ತಪ್ಪ" ಎಂದ ಮರುಳಪ್ಪ ಟೋಕನ್ ಕಿಟಕಿಯಿಂದ.

"ಒತ್ತಾ ಇದೀನಿ! ಮಾತು ಮುಗೀಬೇಕಲ್ಲ!" ಎಂದ ತಿರುಮಲೇಶ್.

ನಾರಮ್ಮ ಕಿವಿಗೊಟ್ಟು ನಿಂತಿದ್ದಳು. "ಇವ್ರೆಲ್ಲ ನಂಗಿಂತ ಮುಂದಿನ ಟೋಕನ್ನೇನಪ್ಪ?"

"ಅಲ್ಲ ಕಣಮ್ಮ. ಇವ್ರು ಸತ್ತೋರು" ಎಂದ ತಿರುಮಲೇಶ್.

"ಸತ್ತೋರಿಗೆ ಕಣ್ಣು ತೋರ್ಸೋ ಕಷ್ಟ ಯಾತಕ್ಕಪ್ಪ?"

ಹಿಂದೆ ಕೂತಿದ್ದ ವೆಂಕಟೇಶಪ್ಪ ಮೇಷ್ಟ್ರು "ಷ್!" ಎಂದರು. ಅವರ ಹೆಸರು ಬರುವುದರಲ್ಲಿತ್ತು. ಅದು ಬಂದಾಗ ಗಂಟೆ ಒಂದಾಯಿತು. ಯಂತ್ರ ಸಂದೇಶವನ್ನು ಪೂರ್ತಿ ಹೇಳಿ ಮುಗಿಸಿ, ಅದೇ ದನಿಯಲ್ಲಿ, ಈ ದಿನದ ಸಮಯ ಮುಗಿದಿದೆ, ಧನ್ಯವಾದಗಳು ಎಂದಿತು. ಡಾಕ್ಟರು ಬ್ಯಾಗು ಹಿಡಿದು ಅವಳ ಪಕ್ಕದಿಂದಲೇ ಹೊರಟರು. ಮರುಳಪ್ಪ ಕಾರಿನವರೆಗೆ ಓಡಿದ. "ಮಂಗಳವಾರ ಮೊದಲ ಟೋಕನ್ ಕೊಡಿ" ಎಂದರು ಅವರು. ಮೊದಲ ಟೋಕನ್ ಕೊಡಬಹುದಿತ್ತು. ಆದರೆ ಆ ಮಂಗಳವಾರ ಡಾಕ್ಟರು ರಜೆಯಲ್ಲಿದ್ದರು. ವಾಪಸ್ಸು ಹೋದ ನಾರಮ್ಮ ಆಮೇಲೆ ಬರಲಿಲ್ಲ.

ನಾಲ್ಕು ತಿಂಗಳ ಮೇಲೆ ಮೌನಿಕಾ ಫೋನ್ ಮಾಡಿದಳು. "ಮಾವ! ಒಪ್ಪಿದ್ರು ಕಣ್ ಮಾವ! ಅರವತ್ತು ಸೆಕೆಂಡು. ಹೊಸ ಆವೃತ್ತೀಲಿ ಬಂದ್ಬುಟ್ಟೈತೆ. ಕೊಡುಗೆ ಕೊಟ್ಟೋರ ಪಟ್ಟೀಲಿ ನಿನ್ನ ಹೆಸ್ರೈತೆ, ಮರುಳಪ್ಪ, ಹಿಂದೂಪುರ ಅಂತ. ಯಾವ್ದೋ ದೇಶದಿಂದ ಒಬ್ಳು ನರ್ಸು ಬರ್ದವ್ಳೆ, ನಮ್ ಮುದುಕ್ರೆಲ್ಲ ಈಗ ಬಾಗ್ಲು ಮುಟ್ತಾವ್ರೆ ಅಂತ."

ಮರುಳಪ್ಪ ಆ ಹಾಳೆಯನ್ನೂ ಪ್ರಿಂಟ್ ತೆಗೆಸಿದ. ಸಿದ್ದಲಿಂಗೇಶರು ಈ ಸಲ ಅದನ್ನು ಕೊನೆಯವರೆಗೆ ಓದಿಸಿದರು. ಹೊಸ ಆವೃತ್ತಿ ಹಾಕಿದರೆ ಸಂದೇಶದ ಡಬ್ಬಿ ಖಾಲಿಯಾಗುತ್ತದೆ, ಮತ್ತೆ ತುಂಬಿದರೂ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ಕೆಳಗೆ ಬರೆದಿತ್ತು. ಆ ಮಿತಿ ಹಾಕಿದ್ದು ಕೂಡ ಮೌನಿಕಾ ಬರೆದು ತಿಳಿಸಿದ್ದ ಹಿಂದೂಪುರದ ಅನುಭವದ ಮೇಲೆ ಎಂದು ಮಾರ್ಟಿನ್ ಕೃತಜ್ಞತೆ ಸೂಚಿಸಿದ್ದ.

"ಹೊಸ ವಾರ್ಡಲ್ಲಿ ಫ್ಯಾನು ತಿರುಗ್ತಾವೆ ಮರುಳಪ್ಪ. ಇದು ಹಾಕಿದ್ರೆ ಕೊಟ್ಟ ಮನೆಯೋರೆಲ್ಲ ಬಂದು ಬಿಚ್ಕೊಂಡು ಹೋಯ್ತಾರೆ. ನಮ್ಗೆ ಹಳೇದೇ ಇರ್ಲಿ. ನಿಂಗೆ ಹೆಸ್ರು ಬಂತಲ್ಲ, ಇನ್ನೇನು ಬೇಕು?"

ಮರುಳಪ್ಪ ಹಾಳೆ ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಮುಂದಿನ ಮಂಗಳವಾರ ನಾರಮ್ಮ ಬಂದಳು. ಊರಿನವಳೇ ಆದ ಮುನೆಮ್ಮ ಕೈಹಿಡಿದು ಕರೆತಂದಿದ್ದಳು. ಮರುಳಪ್ಪ ಅಭ್ಯಾಸದಂತೆ ಟೋಕನ್ ಹರಿಯಲು ಹೋಗಿ, ಆಕೆಯ ಎಡಗಣ್ಣು ನೋಡಿ ಕೈ ಹಿಂದಕ್ಕೆ ತೆಗೆದ. ಎದ್ದು ಬಂದು ಇನ್ನೊಂದು ಕೈ ಹಿಡಿದು, ಎಸ್ಟೋನಿಯಾದ ಅರವತ್ತು ಸೆಕೆಂಡಿನ ಸುದ್ದಿ ಹೇಳಿದ. ಮೂವರೂ ಬೆಂಚು, ಡ್ರಮ್ಮು, ಫ್ಯಾನು ದಾಟಿ ನಡೆದರು. ಮೇಲೆ ಯಂತ್ರ ಯಾರನ್ನೋ ಕರೆದು, ಯಾರ್ಯಾರನ್ನೋ ನೆನೆಯುತ್ತಿತ್ತು.

ಬಾಗಿಲಲ್ಲಿ ನಾರಮ್ಮ ನಿಂತು ಚೌಕಟ್ಟು ತಡವಿದಳು. "ಎಷ್ಟಾಯ್ತಪ್ಪ ಈ ಸಲ?"

ಮರುಳಪ್ಪ ಗೋಡೆಯ ಗಡಿಯಾರ ನೋಡಿಕೊಂಡೇ ಬಂದಿದ್ದ. "ಅರವತ್ತೊಂದು ಕಣಮ್ಮ."

"ನೀನು ಮಾಡ್ಸಿದ್ದು ಅರವತ್ತಲ್ವಾ? ಒಂದು ಜಾಸ್ತಿ ಆಗೋಯ್ತು."

"ನಿಂಗೀಗ ಟೋಕನ್ನೂ ಬೇಕಿಲ್ಲ, ಲೆಕ್ಕಾನೂ ಇಲ್ಲ ಕಣಮ್ಮ" ಎಂದ ಮರುಳಪ್ಪ. "ಬೋರ್ಡಲ್ಲಿ ಬರ್ದೈತೆ."